ಗೆದ್ದವರ ಕಥೆ, ಸೋತವರ ಸೂಜಿ: ಬಾಯೂ ಕಸೂತಿಯ ಲಂಡನ್ ಪಯಣ ಎತ್ತಿರುವ ಪ್ರಶ್ನೆಗಳು

2025ರ ಜುಲೈನಲ್ಲಿ ಬ್ರಿಟನ್ನಿಗೆ ಅಧಿಕೃತ ಭೇಟಿ ಕೊಟ್ಟ ಫ್ರಾನ್ಸ್ ಅಧ್ಯಕ್ಷ ಎಮ್ಯಾನುಯೆಲ್ ಮ್ಯಾಕ್ರೋನ್ ಒಂದು ದೊಡ್ಡ ಮಾತು ಕೊಟ್ಟರು. ನಾರ್ಮಂಡಿಯ ಬಾಯೂ ಪಟ್ಟಣದಲ್ಲಿರುವ, ಸುಮಾರು 70 ಮೀಟರ್ ಉದ್ದದ, ಒಂಬತ್ತು ಶತಮಾನಕ್ಕೂ ಹಳೆಯ ಕಸೂತಿ ಪಟವನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಎರವಲು ಕೊಡುತ್ತೇವೆ ಎಂದರು. 2026ರ ಸೆಪ್ಟೆಂಬರಿನಿಂದ 2027ರ ಜುಲೈವರೆಗೆ ಪ್ರದರ್ಶನ ಎಂದು ನಿಗದಿಯಾಯಿತು. ಇದಕ್ಕೆ ಪ್ರತಿಯಾಗಿ ಸಟನ್ ಹೂ ಹಡಗು ಸಮಾಧಿಯ ಒಡವೆಗಳು, ಲೂಯಿಸ್ ದ್ವೀಪದ ಹಳೆಯ ಚದುರಂಗದ ಕಾಯಿಗಳಂಥ ವಸ್ತುಗಳು ಬ್ರಿಟನ್ನಿನಿಂದ ನಾರ್ಮಂಡಿಯ ಮ್ಯೂಸಿಯಮ್ಮುಗಳಿಗೆ ಹೋಗಬೇಕು. ಪತ್ರಿಕೆಗಳು ಇದನ್ನು ಸ್ನೇಹದ ಕುರುಹು ಎಂದು ಕೊಂಡಾಡಿದವು. ಆದರೆ ಫ್ರಾನ್ಸಿನೊಳಗೇ ಇದರ ವಿರುದ್ಧ ಅರ್ಜಿ ಎದ್ದು, ಹತ್ತಾರು ಸಾವಿರ ಜನ ಸಹಿ ಹಾಕಿದರು. ಹಳೆಯ ಬಟ್ಟೆಗಳ ಆರೈಕೆಯಲ್ಲೇ ಜೀವ ಸವೆಸಿದವರು, ಇದು ಪ್ರಯಾಣ ತಡೆಯುವ ವಸ್ತುವಲ್ಲ ಎಂದರು. ಬ್ರಿಟನ್ನಿನ ಹಿರಿಯ ಚಿತ್ರಕಾರ ಡೇವಿಡ್ ಹಾಕ್ನಿ ಕೂಡ ಬಹಿರಂಗವಾಗಿ ವಿರೋಧಿಸಿದರು.

ಒಂದು ಬಟ್ಟೆಗಾಗಿ ಇಷ್ಟೊಂದು ಗಲಾಟೆ ಏಕೆ? ಉತ್ತರ ಸಿಗಬೇಕಾದರೆ ರಾಜತಾಂತ್ರಿಕತೆಯನ್ನು ಸ್ವಲ್ಪ ಬದಿಗಿಟ್ಟು ಬಟ್ಟೆಯನ್ನೇ ನೋಡಬೇಕು. ಇದು ದೇಶವೊಂದನ್ನು ಗೆದ್ದುಕೊಂಡವರು ತಮ್ಮ ಗೆಲುವು ನ್ಯಾಯವಾದದ್ದು ಎಂದು ಸಾರಲು ಮಾಡಿಸಿದ ಪಟ. ಮಾಡಿಸಿದವರ ಉದ್ದೇಶ ಅದು. ಆದರೆ ಸೂಜಿ ಹಿಡಿದ ಕೈಗಳು ಆ ಉದ್ದೇಶದ ಆಚೀಚೆ ಇನ್ನೂ ಎಷ್ಟನ್ನೋ ದಾಖಲಿಸಿ ಹೋಗಿವೆ. ನನ್ನ ಮಟ್ಟಿಗೆ ಇದರ ನಿಜವಾದ ಬೆಲೆ ಇರುವುದು ಆ ಎರಡನೆಯದರಲ್ಲಿ. ಲಂಡನ್ ಪಯಣದ ಬಗ್ಗೆ ನನಗಿರುವ ಆತಂಕವೂ ಅಲ್ಲಿಂದಲೇ ಹುಟ್ಟಿದ್ದು.

ಕಥೆ 1066ರದು. ಇಂಗ್ಲೆಂಡಿನ ದೊರೆ ಎಡ್ವರ್ಡ್ ಮಕ್ಕಳಿಲ್ಲದೆ ಜನವರಿಯ ಮೊದಲ ವಾರ ತೀರಿಕೊಂಡ. ಜನವರಿ 6ರಂದು, ಅಂದರೆ ಅವನನ್ನು ಮಣ್ಣು ಮಾಡಿದ ದಿನವೇ, ದೇಶದ ಅತ್ಯಂತ ಪ್ರಬಲ ಸರದಾರ ಹ್ಯಾರಲ್ಡ್ ಪಟ್ಟಕ್ಕೆ ಬಂದ. ಸಿಂಹಾಸನ ತನಗೆ ಸೇರಬೇಕಾದದ್ದು, ಎಡ್ವರ್ಡ್ ಮಾತು ಕೊಟ್ಟಿದ್ದ, ಹ್ಯಾರಲ್ಡ್ ಆಣೆ ಮಾಡಿದ್ದ ಎಂದು ಸಮುದ್ರದಾಚೆಯ ನಾರ್ಮಂಡಿಯ ಡ್ಯೂಕ್ ವಿಲಿಯಂ ಹಡಗುಗಳ ಮೇಲೆ ದಂಡೆತ್ತಿ ಬಂದ. ಅಕ್ಟೋಬರ್ 14ರಂದು ಹೇಸ್ಟಿಂಗ್ಸ್ ಬಳಿ ದಿನವಿಡೀ ಕಾದಾಟ ನಡೆದು ಹ್ಯಾರಲ್ಡ್ ಸತ್ತ. ಕ್ರಿಸ್‌ಮಸ್ ದಿನ ಲಂಡನ್ನಿನಲ್ಲಿ ವಿಲಿಯಂನ ಪಟ್ಟಾಭಿಷೇಕವಾಯಿತು. ಅಲ್ಲಿಂದ ಮುಂದೆ ಇಂಗ್ಲೆಂಡಿನ ಒಡೆತನ, ಆಡಳಿತದ ಭಾಷೆ, ಚರ್ಚು, ಕೋಟೆ ಎಲ್ಲವೂ ಬದಲಾದವು. 1086ರಲ್ಲಿ ವಿಲಿಯಂ ಮಾಡಿಸಿದ ಡೂಮ್ಸ್‌ಡೇ ಎಂಬ ಜಮೀನು ಲೆಕ್ಕದ ಹೊತ್ತಿಗೆ, ದೊರೆಯಿಂದ ನೇರವಾಗಿ ಭೂಮಿ ಪಡೆದ ಇಂಗ್ಲಿಷ್ ಮೂಲದ ದೊಡ್ಡ ಒಡೆಯರು ಬೆರಳೆಣಿಕೆಗೆ ಇಳಿದಿದ್ದರು.

ಪಟವನ್ನು ಮಾಡಿಸಿದವನು ವಿಲಿಯಂನ ಮಲತಮ್ಮ, ಬಾಯೂವಿನ ಬಿಷಪ್ ಓಡೋ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಗೆಲುವಿನ ಪಾಲಾಗಿ ಇಂಗ್ಲೆಂಡಿನ ಕೆಂಟ್ ಸೀಮೆ ಓಡೋನ ಕೈಗೆ ಬಂದಿತ್ತು. ಪಟದಲ್ಲಿ ಅವನಿಗೆ ಸಿಕ್ಕಿರುವ ಜಾಗ ನೋಡಿದರೆ ಅನುಮಾನ ಉಳಿಯುವುದಿಲ್ಲ. ಯುದ್ಧಕ್ಕೆ ಮೊದಲು ಊಟವನ್ನು ಹರಸುವವನು ಅವನು, ಅಣ್ಣನ ಪಕ್ಕ ಕುಳಿತು ಸಲಹೆ ಹೇಳುವವನು ಅವನು, ಸೈನ್ಯ ಕಂಗೆಟ್ಟಾಗ ದೊಣ್ಣೆ ಬೀಸುತ್ತ ಹುಡುಗರಿಗೆ ಧೈರ್ಯ ತುಂಬುವವನೂ ಅವನೇ. ದೊರೆಗಳು, ಸರದಾರರ ನಡುವೆ ವಡಾರ್ಡ್, ವಿಟಾಲ್, ಟುರೋಲ್ಡ್ ಎಂಬ ಮೂವರು ಸಣ್ಣ ಆಸಾಮಿಗಳ ಹೆಸರನ್ನೂ ಬಟ್ಟೆಯ ಮೇಲೆ ಹೊಲಿಯಲಾಗಿದೆ. ಡೂಮ್ಸ್‌ಡೇ ಲೆಕ್ಕ ತೆರೆದರೆ ಇವೇ ಹೆಸರುಗಳು ಓಡೋನ ಕೈಕೆಳಗೆ ಜಮೀನು ಪಡೆದವರ ಪಟ್ಟಿಯಲ್ಲಿ ಸಿಗುತ್ತವೆ. ಹ್ಯಾರಲ್ಡ್ ವಿಲಿಯಂಗೆ ಆಣೆ ಮಾಡಿದ್ದು ಎಲ್ಲಿ ಎಂಬ ಬಗ್ಗೆ ಆ ಕಾಲದ ಬರಹಗಾರರಲ್ಲಿ ಒಮ್ಮತವಿಲ್ಲ. ಒಬ್ಬ ಬೊನ್‌ವಿಲ್ ಎನ್ನುತ್ತಾನೆ, ಇನ್ನೊಬ್ಬ ರೂವಾನ್ ಎನ್ನುತ್ತಾನೆ. ಪಟ ಮಾತ್ರ ಅದನ್ನು ಬಾಯೂವಿನಲ್ಲೇ, ಓಡೋನ ಊರಿನಲ್ಲೇ ನಡೆಸುತ್ತದೆ. ಹ್ಯಾರಲ್ಡ್ ಎರಡು ಪವಿತ್ರ ಪೆಟ್ಟಿಗೆಗಳ ನಡುವೆ ನಿಂತು, ಎರಡೂ ಕೈ ಚಾಚಿ, ಎರಡನ್ನೂ ಮುಟ್ಟಿದ್ದಾನೆ. ಮುಂದಿನದೆಲ್ಲ ಆ ಒಂದು ಆಣೆ ಮುರಿದದ್ದರ ಫಲ ಎಂಬ ವಾದ ಅಲ್ಲಿ ನೆಲೆಗೊಳ್ಳುತ್ತದೆ.

ವಾದವನ್ನು ಕಟ್ಟಲು ಘಟನೆಗಳನ್ನು ಹಿಂದುಮುಂದು ಮಾಡುವುದಕ್ಕೂ ಪಟ ಹಿಂಜರಿದಿಲ್ಲ. ಎಡ್ವರ್ಡನ ಶವಯಾತ್ರೆ ಮೊದಲು ಬರುತ್ತದೆ, ಮರಣಶಯ್ಯೆ ಆಮೇಲೆ. ಹೀಗೆ ಮಾಡಿದ್ದರಿಂದ ಸಾಯುವ ದೊರೆ ಹ್ಯಾರಲ್ಡನತ್ತ ಕೈ ಚಾಚುವ ದೃಶ್ಯಕ್ಕೆ ಕಿರೀಟ ಒಪ್ಪಿಸುವ ದೃಶ್ಯ ಒತ್ತಿಕೊಂಡೇ ಕೂರುತ್ತದೆ. ಪಟ್ಟವೇರಿದ ತಕ್ಷಣ ಆಕಾಶದಲ್ಲಿ ಧೂಮಕೇತು ಕಾಣಿಸಿ ಜನ ಬೆರಳು ತೋರಿಸುತ್ತಾರೆ. ಅದು ಇಂದು ನಾವು ಹ್ಯಾಲಿ ಎಂದು ಕರೆಯುವ ಧೂಮಕೇತು. ಇಂಗ್ಲೆಂಡಿನಲ್ಲಿ ಕಂಡದ್ದು ಏಪ್ರಿಲ್ ಕೊನೆಯಲ್ಲಿ, ಪಟ್ಟಾಭಿಷೇಕವಾಗಿ ಮೂರು ತಿಂಗಳು ಕಳೆದ ಮೇಲೆ. ಪಟದಲ್ಲಿ ಆ ಮೂರು ತಿಂಗಳು ಮಾಯವಾಗಿವೆ. ಹೇಸ್ಟಿಂಗ್ಸ್‌ಗೆ ಮೂರು ವಾರ ಮೊದಲು ನಾರ್ವೆಯ ದೊರೆ ಉತ್ತರದಿಂದ ನುಗ್ಗಿದ್ದು, ಹ್ಯಾರಲ್ಡ್ ಅಲ್ಲಿಗೆ ಓಡಿ ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ ಅವನನ್ನು ಕೊಂದು, ದಣಿದ ಸೈನ್ಯದೊಂದಿಗೆ ದಕ್ಷಿಣಕ್ಕೆ ಮರಳಿದ್ದು, ಇದ್ಯಾವುದರ ಸುಳಿವೂ ಇಲ್ಲ. ಸೋತವನು ಮೂರು ವಾರದ ಹಿಂದಷ್ಟೇ ಇನ್ನೊಂದು ದೊಡ್ಡ ಯುದ್ಧ ಗೆದ್ದಿದ್ದ ಎಂದು ತೋರಿಸಿದರೆ ಗೆದ್ದವನ ಗೆಲುವಿನ ತೂಕ ಇಳಿಯುತ್ತದಲ್ಲ.

ಇಷ್ಟೇ ಆಗಿದ್ದರೆ ಇದು ಮತ್ತೊಂದು ಬಿರುದಾವಳಿ ಆಗಿ ಉಳಿಯುತ್ತಿತ್ತು. ಹಾಗಾಗಲಿಲ್ಲ. ಹ್ಯಾರಲ್ಡನನ್ನು ಪಟ ದುಷ್ಟನನ್ನಾಗಿ ಮಾಡುವುದಿಲ್ಲ. ದೊರೆಯಾಗುವ ಮೊದಲು ವಿಲಿಯಂನ ಜೊತೆಗಿದ್ದಾಗ, ಮೋಂ ಸಾಂ ಮಿಶೆಲ್ ಬಳಿ ನದಿಯ ಕುಸಿಯುವ ಮರಳಿನಲ್ಲಿ ಸಿಕ್ಕಿಕೊಂಡ ನಾರ್ಮನ್ ಸೈನಿಕರನ್ನು ಅವನು ಎಳೆದು ಬದುಕಿಸುತ್ತಾನೆ, ಒಬ್ಬನನ್ನು ಬೆನ್ನ ಮೇಲೆ ಹೊತ್ತು. ಗೆದ್ದವರ ಬರಹಗಳು ಅವನನ್ನು ರಾಜನೆಂದು ಕರೆಯಲು ಇಷ್ಟಪಡುತ್ತಿರಲಿಲ್ಲ, ಡೂಮ್ಸ್‌ಡೇ ಲೆಕ್ಕದಲ್ಲೂ ಅವನು ಸಾಮಾನ್ಯವಾಗಿ ಬರೀ ಅರ್ಲ್, ಅಂದರೆ ದೊಡ್ಡ ಸರದಾರ. ಪಟದ ಲ್ಯಾಟಿನ್ ಸಾಲುಗಳು ಮಾತ್ರ ಅವನನ್ನು ನೇರವಾಗಿ ಇಂಗ್ಲಿಷರ ದೊರೆ ಎನ್ನುತ್ತವೆ. ಸಾವಿನ ಜಾಗದಲ್ಲೂ ಅಷ್ಟೇ: ‘ಇಲ್ಲಿ ಹ್ಯಾರಲ್ಡ್ ದೊರೆ ಹತನಾದ.’ ಅದಕ್ಕೂ ಸ್ವಲ್ಪ ಮೊದಲು, ಕುದುರೆಗಳು ತಲೆಕೆಳಗಾಗಿ ಉರುಳುವ ಜಾಗದ ಮೇಲೆ ಹೀಗಿದೆ: ‘ಇಲ್ಲಿ ಇಂಗ್ಲಿಷರೂ ಫ್ರೆಂಚರೂ ಒಟ್ಟಿಗೇ ಯುದ್ಧದಲ್ಲಿ ಬಿದ್ದರು.’

ವಿಲಿಯಂ ದಂಡೆತ್ತಿ ಹೋಗಲು ತೀರ್ಮಾನಿಸಿದ ಕೂಡಲೇ ಪಟ ನಮ್ಮನ್ನು ಕಾಡಿಗೆ ಕರೆದೊಯ್ಯುತ್ತದೆ. ಕೊಡಲಿ ಹಿಡಿದವರು ಮರ ಕಡಿಯುತ್ತಿದ್ದಾರೆ. ಒಬ್ಬ ಹಲಗೆಯನ್ನು ಮರದ ಕವಲಿಗೆ ಒರಗಿಸಿ ಅಗಲ ಬಾಯಿನ ಕೊಡಲಿಯಲ್ಲಿ ನಯ ಮಾಡುತ್ತಿದ್ದಾನೆ. ಗರಗಸ ಎಲ್ಲೂ ಇಲ್ಲ, ಆ ಸೀಮೆಯ ಹಡಗುಗಳನ್ನು ಆಗ ಕಟ್ಟುತ್ತಿದ್ದದ್ದೇ ಹಾಗೆ. ಮರವನ್ನು ಸೀಳಿ, ಕೊಡಲಿಯಲ್ಲಿ ಕೆತ್ತಿ, ಹಲಗೆಯ ಮೇಲೆ ಹಲಗೆಯ ಅಂಚು ಹೊದಿಸಿ ಜೋಡಿಸುತ್ತಿದ್ದರು. ಆಮೇಲೆ ಹಡಗನ್ನು ಹಗ್ಗ ಕಟ್ಟಿ ನೀರಿಗೆ ಎಳೆಯುವವರು ಬರುತ್ತಾರೆ. ಅವರ ಹಿಂದೆ ಸಾಮಾನು ಸಾಗಿಸುವವರು. ಕಬ್ಬಿಣದ ಬಳೆಗಳನ್ನು ಹೆಣೆದು ಮಾಡಿದ ಕವಚ ಎಷ್ಟು ಭಾರ ಎಂಬುದು ಅಲ್ಲಿ ಗೊತ್ತಾಗುತ್ತದೆ. ಕವಚದ ತೋಳುಗಳೊಳಗೆ ಗಳ ತೂರಿಸಿ, ಇಬ್ಬಿಬ್ಬರು ಹೆಗಲು ಕೊಟ್ಟು ಹೊರುತ್ತಾರೆ. ಅವರ ಜೊತೆಗೆ ಗಾಡಿಯೊಂದು, ಅದರ ಮೇಲೆ ದೊಡ್ಡ ಪೀಪಾಯಿ. ದಂಡಿಗೆ ಈಟಿ ಎಷ್ಟು ಮುಖ್ಯವೋ ದ್ರಾಕ್ಷಾರಸವೂ ಅಷ್ಟೇ ಮುಖ್ಯ.

ಸಮುದ್ರ ದಾಟಿ ಇಳಿದ ಮೇಲೆ ಮೊದಲು ನಡೆಯುವುದು ಅಡುಗೆ. ನನಗೆ ಇಡೀ ಪಟದಲ್ಲಿ ಅತ್ಯಂತ ಪ್ರಿಯವಾದ ಭಾಗ ಇದು. ಎರಡು ಕವೆಗೋಲು ನೆಟ್ಟು, ಅಡ್ಡ ಗಳಕ್ಕೆ ಹಂಡೆ ತೂಗುಹಾಕಿ, ಕೆಳಗೆ ಬೆಂಕಿ ಹಾಕಿದ್ದಾರೆ. ಇಬ್ಬರು ಆಚೀಚೆ ನಿಂತು ನೋಡಿಕೊಳ್ಳುತ್ತಿದ್ದಾರೆ. ಪಕ್ಕದಲ್ಲಿ ಗಡ್ಡದವನೊಬ್ಬ ಬಿಸಿ ಒಲೆಯಿಂದ ಏನನ್ನೋ ಇಕ್ಕುಳದಲ್ಲಿ ಎತ್ತಿ ತಟ್ಟೆಗೆ ಹಾಕುತ್ತಿದ್ದಾನೆ. ಕಂಬಿಗೆ ಪೋಣಿಸಿ ಸುಟ್ಟ ಕೋಳಿ, ಹಕ್ಕಿಗಳನ್ನು ಕಂಬಿಯ ಸಮೇತ ಕೈಯಿಂದ ಕೈಗೆ ದಾಟಿಸುತ್ತಾರೆ. ಆಳುಗಳಿಗೆ ಮೇಜಿಲ್ಲ, ಗುರಾಣಿಗಳನ್ನು ಜೋಡಿಸಿ ಅದರ ಮೇಲೆ ಊಟ ಹರವಿದ್ದಾರೆ. ಒಬ್ಬ ಕೊಂಬು ಊದಿ ಊಟಕ್ಕೆ ಕರೆಯುತ್ತಾನೆ. ಒಡೆಯರಿಗೆ ಮಾತ್ರ ಅರ್ಧಚಂದ್ರಾಕಾರದ ಮೇಜು, ಮೇಜಿನ ಮೇಲೆ ಮೀನು, ನಡುವೆ ಓಡೋ. ಆ ಮೇಜಿನ ಮಾದರಿ ಎಲ್ಲಿಂದ ಬಂತು ಎಂಬುದೂ ಗೊತ್ತಿದೆ. ಕೆಂಟ್ ಸೀಮೆಯ ಕ್ಯಾಂಟರ್ಬರಿಯ ಸಂತ ಅಗಸ್ಟೀನ್ ಮಠದಲ್ಲಿ ಆರನೆಯ ಶತಮಾನದ ಒಂದು ಸುವಾರ್ತೆ ಹಸ್ತಪ್ರತಿ ಇತ್ತು. ಅದರಲ್ಲಿ ಯೇಸುವಿನ ಕೊನೆಯ ಊಟದ ಚಿತ್ರವಿದೆ, ಮೇಜು ಇಂಥದೇ. ಪಟದ ವಿನ್ಯಾಸ ಮಾಡಿದವರಿಗೆ ಆ ಮಠದ ಪುಸ್ತಕಗಳು ಕೈಗೆಟುಕುತ್ತಿದ್ದವು ಎಂದು ನಂಬಲು ಇದು ದೊಡ್ಡ ಆಧಾರ. ಬಿಷಪ್ಪನನ್ನು ಯೇಸುವಿನ ಜಾಗದಲ್ಲಿ ಕೂರಿಸಿದ್ದು ಹೊಗಳಿಕೆಯೋ ಚುಚ್ಚುಮಾತೋ ಎಂದು ಇವತ್ತಿಗೂ ಚರ್ಚೆ ಇದೆ.

ಮುಖ್ಯ ಕಥೆಯ ಮೇಲೂ ಕೆಳಗೂ ಸಣ್ಣ ಅಂಚುಪಟ್ಟಿಗಳು ಓಡುತ್ತವೆ. ಹಕ್ಕಿ, ಸಿಂಹ, ರೆಕ್ಕೆಯ ಪ್ರಾಣಿಗಳ ನಡುವೆ ಈಸೋಪನ ಕಥೆಗಳೂ ಇಣುಕುತ್ತವೆ: ಬಾಯಿಯ ತುತ್ತನ್ನು ನರಿಗೆ ಕಳೆದುಕೊಳ್ಳುವ ಕಾಗೆ, ತೋಳದ ಗಂಟಲಿಗೆ ಕೊಕ್ಕು ಹಾಕುವ ಕೊಕ್ಕರೆ. ಒಂದು ಕಡೆ ಹೊಲದ ಕೆಲಸ ಸಾಲಾಗಿ ನಡೆದಿದೆ. ನೇಗಿಲು ಹೂಡಿದ್ದಾರೆ, ಅದರ ಮುಂದೆ ಬೀಜ ಚೆಲ್ಲುವವನು, ಅವನ ಮುಂದೆ ಕುದುರೆಗೆ ಕಟ್ಟಿದ ಹಲ್ಲುಕುಂಟೆ, ಕೊನೆಯಲ್ಲಿ ಕವಣೆ ಬೀಸಿ ಹಕ್ಕಿ ಓಡಿಸುವವನು. ಯುರೋಪಿನಲ್ಲಿ ಕುದುರೆ ಹಲ್ಲುಕುಂಟೆ ಎಳೆಯುವುದನ್ನು ತೋರಿಸುವ ಅತಿ ಹಳೆಯ ಚಿತ್ರಗಳಲ್ಲಿ ಇದೂ ಒಂದು. ಆ ಭಾಗದಲ್ಲಿ ಬೇಸಾಯಕ್ಕೆ ಎತ್ತಿನ ಜಾಗಕ್ಕೆ ಕುದುರೆ ಯಾವಾಗ ಬಂತು ಎಂದು ಹುಡುಕುವ ಇತಿಹಾಸಕಾರರು ಈ ಒಂದು ಗೇಣಿನ ಕಸೂತಿಗೆ ಮತ್ತೆ ಮತ್ತೆ ಮರಳುತ್ತಾರೆ. ಯಾವ ಆಸ್ಥಾನದ ಬರಹಗಾರನೂ ಇದನ್ನು ಬರೆದಿಡುವ ಗೋಜಿಗೆ ಹೋಗುತ್ತಿರಲಿಲ್ಲ.

ಯುದ್ಧ ಶುರುವಾದ ಮೇಲೆ ಅದೇ ಕೆಳಗಿನ ಅಂಚು ಬದಲಾಗುತ್ತದೆ. ಮೃಗಪಕ್ಷಿಗಳ ಜಾಗಕ್ಕೆ ಮೊದಲು ಹೆಣಗಳು ಬರುತ್ತವೆ, ಆಮೇಲೆ ಬಿಲ್ಲುಗಾರರ ಸಾಲು, ಕೊನೆಗೆ ಸತ್ತವರ ಮೈಮೇಲಿನ ಕವಚ ಬಿಚ್ಚುವವರು. ಅಂಗಿ ಕಳಚುವ ಹಾಗೆ ತಲೆಯ ಮೇಲಿಂದ ಎಳೆದು, ಬೆತ್ತಲೆ ದೇಹವನ್ನು ಬಿಟ್ಟು ಹೋಗುತ್ತಾರೆ. ಮೇಲೆ ಸರದಾರರ ಶೌರ್ಯ ನಡೆದಿರುವಾಗಲೇ ಕೆಳಗೆ ಈ ಕೆಲಸವೂ ನಡೆದಿರುತ್ತದೆ.

ಪಟದಲ್ಲಿ ಸುಮಾರು ಆರುನೂರು ಮನುಷ್ಯರಿದ್ದಾರೆ. ಮುಖ್ಯ ಪಟ್ಟಿಯಲ್ಲಿ ಹೆಂಗಸರು ಮೂವರೇ. ಒಬ್ಬಳು ಎಡ್ವರ್ಡನ ಮಂಚದ ಬಳಿಯ ಹೆಂಗಸು, ಬಹುಶಃ ರಾಣಿ ಎಡಿತ್. ಇನ್ನೊಬ್ಬಳು ಎಲ್ಫ್‌ಗಿವಾ. ಅವಳ ಹೆಸರನ್ನು ಬರೆದಿದ್ದಾರೆ, ಪಾದ್ರಿಯೊಬ್ಬ ಅವಳ ಮುಖ ಮುಟ್ಟುತ್ತಿದ್ದಾನೆ, ಆ ಪ್ರಸಂಗವೇನೆಂದು ಹೇಳುವ ಕ್ರಿಯಾಪದವನ್ನೇ ಬಿಟ್ಟಿದ್ದಾರೆ. ಆಗಿನವರಿಗೆ ಗೊತ್ತಿದ್ದ ಯಾವುದೋ ಸುದ್ದಿ ಅದು, ನಮಗೆ ದಕ್ಕಿಲ್ಲ. ಮೂರನೆಯವಳಿಗೆ ಹೆಸರಿಲ್ಲ. ನಾರ್ಮನ್ನರು ಹೇಸ್ಟಿಂಗ್ಸ್ ಬಳಿ ಬೀಡುಬಿಟ್ಟು ಸುತ್ತಲ ಹಳ್ಳಿಗಳ ಆಹಾರ ದೋಚುತ್ತಿರುವ ಹೊತ್ತು. ಎರಡಂತಸ್ತಿನ ಮನೆಯೊಂದಕ್ಕೆ ಇಬ್ಬರು ಗಂಡಸರು ಪಂಜಿನಿಂದ ಬೆಂಕಿ ಇಡುತ್ತಿದ್ದಾರೆ. ಆಕೆ ಮಗುವಿನ ಕೈ ಹಿಡಿದು ಹೊರಗೆ ಬರುತ್ತಿದ್ದಾಳೆ, ಮೇಲಿರುವ ಸಾಲು ಒಂದೇ: ‘ಇಲ್ಲಿ ಮನೆಯೊಂದನ್ನು ಸುಡಲಾಗುತ್ತಿದೆ.’ ಕಥೆ ಮುಂದೆ ಹೋಗಲು ಈ ದೃಶ್ಯದ ಅಗತ್ಯವೇ ಇಲ್ಲ. ವಿಲಿಯಂನ ಹಕ್ಕನ್ನು ಸಾಧಿಸಲು ಇದು ಒಂದಿಷ್ಟೂ ನೆರವಾಗುವುದಿಲ್ಲ. ಆದರೂ ಯಾರೋ ಇದು ಇರಲೇಬೇಕು ಎಂದುಕೊಂಡರು. 1069–70ರ ಚಳಿಗಾಲದಲ್ಲಿ ವಿಲಿಯಂನ ಸೈನ್ಯ ಉತ್ತರ ಇಂಗ್ಲೆಂಡಿನ ಹಳ್ಳಿಗಳನ್ನು, ದವಸವನ್ನು, ದನಕರುಗಳನ್ನು ಸುಟ್ಟು ಹಾಕಿ ಬರಗಾಲವನ್ನೇ ತಂದಿತ್ತು. ಪಟ ತಯಾರಾಗುವ ಹೊತ್ತಿಗೆ ಆ ಸುದ್ದಿ ತಿಳಿಯದವರು ಇಂಗ್ಲೆಂಡಿನಲ್ಲಿ ಇದ್ದಿರಲಾರರು.

ಇಲ್ಲಿ ಹೊಲಿದವರು ಯಾರು ಎಂಬ ಪ್ರಶ್ನೆಗೆ ಬರಬೇಕು. ಇದು ವಿಲಿಯಂನ ಪತ್ನಿ ರಾಣಿ ಮಟಿಲ್ಡಾಳ ಕೈಕೆಲಸ ಎಂದು ಫ್ರಾನ್ಸಿನಲ್ಲಿ ಬಹುಕಾಲ ನಂಬಿದ್ದರು, ಅದಕ್ಕೆ ಪುರಾವೆ ಇಲ್ಲ. ಲ್ಯಾಟಿನ್ ಸಾಲುಗಳೊಳಗೆ ನುಸುಳಿರುವ ಇಂಗ್ಲಿಷ್ ಕಾಗುಣಿತ, ಕ್ಯಾಂಟರ್ಬರಿ ಹಸ್ತಪ್ರತಿಗಳ ಛಾಯೆ, ಕಸೂತಿಯ ರೀತಿ ಎಲ್ಲವೂ ಇಂಗ್ಲೆಂಡಿನತ್ತ ಬೆರಳು ಮಾಡುತ್ತವೆ. ಇಂಗ್ಲಿಷ್ ಹೆಂಗಸರ ಸೂಜಿ ಕೆಲಸ ಆಗಲೇ ಯುರೋಪಿನಲ್ಲಿ ಹೆಸರಾಗಿತ್ತು. ವಿಲಿಯಂನ ಚರಿತ್ರೆ ಬರೆದ ಪ್ವಾತಿಯೇದ ವಿಲಿಯಂ ಎಂಬ ಪಾದ್ರಿಯೂ ಅದನ್ನು ಹೊಗಳಿದ್ದಾನೆ. ಡೂಮ್ಸ್‌ಡೇ ಲೆಕ್ಕದಲ್ಲಿ ಇಬ್ಬರು ಕಸೂತಿಗಾರ್ತಿಯರು ಸಿಗುತ್ತಾರೆ. ಬಕಿಂಗ್‌ಹ್ಯಾಮ್ ಸೀಮೆಯ ಎಲ್ಫ್‌ಗಿತ್ ಎಂಬ ಹುಡುಗಿಗೆ ಶೆರಿಫ್ ಗಾಡ್ರಿಕ್ ಅರ್ಧ ಹೈಡ್ (ಆಗಿನ ಜಮೀನಿನ ಅಳತೆ) ಜಮೀನು ಕೊಟ್ಟಿದ್ದ, ತನ್ನ ಮಗಳಿಗೆ ಜರಿ ಕೆಲಸ ಕಲಿಸಬೇಕು ಎಂಬ ಕರಾರಿನ ಮೇಲೆ. ವಿಲ್ಟ್‌ಷೈರಿನ ಲಿಯೋಫ್‌ಗಿತ್ ದೊರೆ-ರಾಣಿಯರಿಗೆ ಚಿನ್ನದ ಅಂಚು ಹೊಲಿಯುತ್ತಿದ್ದಳು, ಗೆದ್ದವರ ಕಾಲದಲ್ಲೂ ಅವಳ ಜಮೀನು ಅವಳ ಬಳಿಯೇ ಉಳಿಯಿತು. ಸರದಾರರು ಎಲ್ಲವನ್ನೂ ಕಳೆದುಕೊಂಡ ಕಾಲದಲ್ಲಿ ಸೂಜಿ ಹಿಡಿದವಳು ಉಳಿದುಕೊಂಡಳು. ಬಾಯೂ ಪಟವನ್ನು ಇವರೇ ಹೊಲಿದರು ಎಂದಲ್ಲ. ಹೊಲಿದವರು ಇಂಥವರು, ಗಂಡಂದಿರನ್ನೋ ಅಣ್ಣತಮ್ಮಂದಿರನ್ನೋ ಆ ಯುದ್ಧದಲ್ಲಿ ಕಳೆದುಕೊಂಡವರ ನಡುವೆ ಬಾಳಿದವರು ಎಂದು ಊಹಿಸಲು ಅಡ್ಡಿಯಿಲ್ಲ.

ಅವರ ಕೆಲಸವನ್ನು ಹತ್ತಿರದಿಂದ ನೋಡೋಣ. ಅಗಸೆ ನಾರಿನ ಬಿಳಿ ಬಟ್ಟೆ, ಅದರ ಮೇಲೆ ಉಣ್ಣೆ ನೂಲು. ಗೆರೆಗಳಿಗೂ ಅಕ್ಷರಗಳಿಗೂ ಹುರಿಯ ಹಾಗೆ ಕಾಣುವ ಸ್ಟೆಮ್ ಸ್ಟಿಚ್ ಎಂಬ ಹೊಲಿಗೆ. ಮೈ ತುಂಬಲು ನೂಲನ್ನು ಒತ್ತೊತ್ತಾಗಿ ಪಕ್ಕಪಕ್ಕ ಹಾಸಿ, ಅದರ ಮೇಲೆ ಅಡ್ಡಲಾಗಿ ಒಂದೊಂದು ಎಳೆ ಎಳೆದು, ಆ ಎಳೆಯನ್ನು ಸಣ್ಣ ಸಣ್ಣ ಹೊಲಿಗೆಯಲ್ಲಿ ಬಿಗಿದಿದ್ದಾರೆ. ಹೀಗೆ ಮಾಡಿದರೆ ನೂಲಿನ ಹೆಚ್ಚು ಪಾಲು ಬಟ್ಟೆಯ ಮುಂಭಾಗದಲ್ಲೇ ಉಳಿಯುತ್ತದೆ, ಹಿಂದೆ ವ್ಯರ್ಥವಾಗುವುದಿಲ್ಲ. ಬಣ್ಣ ಸುಮಾರು ಹತ್ತು ಬಗೆ. ಎಲ್ಲವೂ ಮೂರೇ ಗಿಡಗಳಿಂದ ಬಂದವು: ಕೆಂಪಿಗೆ ನಮ್ಮ ಮಂಜಿಷ್ಠದ ಜಾತಿಯ ಮ್ಯಾಡರ್ ಬೇರು, ಹಳದಿಗೆ ವೆಲ್ಡ್, ನೀಲಿಗೆ ವೋಡ್ ಎಲೆ. ಒಂದರ ಮೇಲೊಂದು ಅದ್ದಿ ಹಸಿರು, ಕಡುನೀಲಿಗಳನ್ನು ಪಡೆದಿದ್ದಾರೆ. ಕುದುರೆಯ ಹತ್ತಿರದ ಎರಡು ಕಾಲು ಒಂದು ಬಣ್ಣ, ಆಚೆಯ ಎರಡು ಕಾಲು ಇನ್ನೊಂದು ಬಣ್ಣ. ನೆರಳು ಬಿಡಿಸದೆ ಆಳ ತೋರಿಸುವ ಉಪಾಯ ಅದು. ಬಟ್ಟೆ ಒಂದೇ ತುಂಡಲ್ಲ, ಒಂಬತ್ತು ತುಂಡುಗಳನ್ನು ಜೋಡಿಸಿದ್ದು. ಮೊದಲ ಜೋಡಣೆಯಲ್ಲಿ ಅಂಚಿನ ಗೆರೆ ಒಂದಕ್ಕೊಂದು ಕೂಡಿಲ್ಲ, ಸ್ವಲ್ಪ ಮೇಲೆ ಕೆಳಗೆ ಆಗಿದೆ. ಆಮೇಲಿನ ಜೋಡಣೆಗಳು ಕಣ್ಣಿಗೆ ಬೀಳುವುದೇ ಕಷ್ಟ. ಒಮ್ಮೆ ತಪ್ಪಿದವರು ಮುಂದೆ ಮೊದಲು ಜೋಡಿಸಿ ಆಮೇಲೆ ಗೆರೆ ಹೊಲಿಯಲು ಕಲಿತರು. ಆ ಕಸೂತಿಮನೆಯಲ್ಲಿ ನಡೆದ ಮಾತುಕತೆ ನಮಗೆ ಸಿಗುವುದು ಇಷ್ಟೇ. ಆದರೆ ಇಷ್ಟು ಸಿಗುತ್ತದೆ, ಅದೂ ಎಳೆಗಳು ಇದ್ದಲ್ಲೇ ಇರುವ ತನಕ ಮಾತ್ರ.

ಚಿನ್ನದ ಜರಿ ಇಲ್ಲದಿದ್ದದ್ದೇ ಇದನ್ನು ಉಳಿಸಿತು ಎನ್ನಬೇಕು. ಆ ಕಾಲದ ಜರಿ ಕಸೂತಿಗಳನ್ನು ಚಿನ್ನ ಕರಗಿಸಿಕೊಳ್ಳಲು ಸುಟ್ಟರು. ಉಣ್ಣೆಯನ್ನು ಸುಟ್ಟರೆ ಬೂದಿಯಷ್ಟೇ. 1476ರ ಬಾಯೂ ಕೆಥೆಡ್ರಲ್‌ನ ಸಾಮಾನು ಪಟ್ಟಿಯಲ್ಲಿ ಇದು ಮೊದಲ ಬಾರಿಗೆ ಖಚಿತವಾಗಿ ಕಾಣಿಸುತ್ತದೆ. ವರ್ಷಕ್ಕೊಮ್ಮೆ, ಹಬ್ಬದ ಕೆಲವು ದಿನ ಹೊರತೆಗೆದು ತೂಗುಹಾಕಿ, ಮತ್ತೆ ಪೆಟ್ಟಿಗೆಗೆ ಸೇರಿಸುತ್ತಿದ್ದರು. ಮೂಲತಃ ಎಲ್ಲಿ ತೂಗುಹಾಕಲು ಮಾಡಿದ್ದು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. 1077ರಲ್ಲಿ ಪ್ರತಿಷ್ಠೆಯಾದ ಆ ಕೆಥೆಡ್ರಲ್‌ನ ನಡುಸಭಾಂಗಣದ ಅಳತೆಗೇ ಮಾಡಿದ್ದು ಎಂದು ಕೆಲವರು, ಕ್ಯಾಂಟರ್ಬರಿ ಮಠದ ಊಟದ ಮನೆಗೆ ಎಂದು ಇತ್ತೀಚೆಗೆ ಇನ್ನೊಬ್ಬರು.

ಕೆಥೆಡ್ರಲ್‌ನ ಪೆಟ್ಟಿಗೆಯಿಂದ ಹೊರಬಂದ ಮೇಲೆ ಇದರ ಗ್ರಹಚಾರ ಶುರುವಾಯಿತು. 1792ರಲ್ಲಿ ಕ್ರಾಂತಿಕಾರಿ ಸೈನ್ಯದ ಗಾಡಿಯೊಂದಕ್ಕೆ ಹೊದಿಕೆಯಾಗಿ ಹೋಗಬೇಕಿದ್ದುದನ್ನು ಸ್ಥಳೀಯ ವಕೀಲನೊಬ್ಬ ತಡೆದ. 1803ರಲ್ಲಿ ನೆಪೋಲಿಯನ್ ಇದನ್ನು ಪ್ಯಾರಿಸಿಗೆ ತರಿಸಿ ಪ್ರದರ್ಶನಕ್ಕಿಟ್ಟ. ಇಂಗ್ಲೆಂಡಿನ ಮೇಲೆ ದಂಡೆತ್ತಿ ಹೋಗುವ ಸಿದ್ಧತೆಯಲ್ಲಿದ್ದ ಅವನಿಗೆ, ಹಿಂದೆ ಒಬ್ಬ ಅದನ್ನು ಸಾಧಿಸಿದ್ದ ಎಂದು ಜನಕ್ಕೆ ತೋರಿಸಬೇಕಿತ್ತು. ಊರಿಗೆ ಮರಳಿದ ಮೇಲೆ ಎರಡು ಉರುಳೆಗಳಿಗೆ ಸುತ್ತಿ, ಬಂದವರಿಗೆಲ್ಲ ತಿರುಗಿಸಿ ತಿರುಗಿಸಿ ತೋರಿಸಿದರು. ಕೊನೆಯ ಭಾಗ ಹಿಂಜಿಹೋಯಿತು. ಪಟ ಈಗ ಇಂಗ್ಲಿಷರು ಓಡಿಹೋಗುವಲ್ಲಿಗೆ ತುಂಡಾಗಿ ನಿಲ್ಲುತ್ತದೆ. ಅದರ ಆಚೆ ವಿಲಿಯಂನ ಪಟ್ಟಾಭಿಷೇಕ ಇದ್ದಿರಬೇಕು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ಅಹ್ನೆನ್‌ಎರ್ಬೆ ಸಂಸ್ಥೆ, ನಾರ್ಮನ್ನರು ಜರ್ಮನಿಕ್ ಕುಲದವರೆಂದು ಸಾಧಿಸಲು 1941ರಲ್ಲಿ ಇದನ್ನು ಬಿಚ್ಚಿ ಅಭ್ಯಾಸ ಮಾಡಿತು. 1944ರ ಆಗಸ್ಟಿನಲ್ಲಿ ಪ್ಯಾರಿಸ್ ಕೈಬಿಡುವ ಹೊತ್ತಿಗೆ ನಾಜಿ ಮುಖಂಡ ಹಿಮ್ಲರ್ ಇದನ್ನು, ಆಗ ಅದು ಇದ್ದ ಅಲ್ಲಿನ ಮ್ಯೂಸಿಯಂ ಲೂವ್ರ್‌ನಿಂದ ಸಾಗಿಸಲು ಆಳುಗಳನ್ನು ಕಳಿಸಿದ, ಅಷ್ಟರಲ್ಲಿ ಲೂವ್ರ್ ಫ್ರೆಂಚ್ ಪ್ರತಿರೋಧ ಪಡೆಯ ಕೈಗೆ ಸೇರಿತ್ತು. ಆ ಅಭ್ಯಾಸದ ತಂಡದಲ್ಲಿದ್ದ ಕಾರ್ಲ್ ಶ್ಲಾಬೊ ಎಂಬ ಜರ್ಮನ್ ಬಟ್ಟೆ ತಜ್ಞನ ಕಾಗದಪತ್ರಗಳ ನಡುವೆ ಪಟದ ಹಿಂಬದಿಯಿಂದ ತೆಗೆದ ಸಣ್ಣ ತುಣುಕೊಂದು ಸಿಕ್ಕ ಸುದ್ದಿ 2025ರಲ್ಲಿ ಹೊರಬಂತು.

ಹೀಗೆ ಆಳುವವರು ಇದನ್ನು ಕೈಗೆತ್ತಿಕೊಂಡಾಗಲೆಲ್ಲ ಇದು ಒಂದಿಷ್ಟು ಸವೆದಿದೆ. ಪ್ರೀತಿಯಿಂದ ಮುಟ್ಟಿದವರೂ ಬದಲಾಯಿಸಿದ್ದಾರೆ. ಹ್ಯಾರಲ್ಡ್ ಕಣ್ಣಿಗೆ ಬಾಣ ತಗುಲಿ ಸತ್ತ ಎಂದು ಇಂಗ್ಲೆಂಡಿನ ಶಾಲೆಯ ಮಕ್ಕಳೆಲ್ಲ ಕಲಿಯುತ್ತಾರೆ, ಅದಕ್ಕೆ ಮುಖ್ಯ ಸಾಕ್ಷಿ ಈ ಪಟ. ಆದರೆ 1729ರಲ್ಲಿ ಆಂಟ್ವಾನ್ ಬೆನ್ವಾ ಬರೆದುಕೊಂಡ ನಕಲಿನಲ್ಲಿ ಆ ಯೋಧನ ಕೈಯಲ್ಲಿರುವುದು ಗರಿ ಇಲ್ಲದ ಕೋಲು, ಈಟಿಯ ಹಾಗಿದೆ. ಸುಮಾರು ತೊಂಬತ್ತು ವರ್ಷದ ನಂತರ ಚಾರ್ಲ್ಸ್ ಸ್ಟೊಥಾರ್ಡ್ ಬರೆದ ಚಿತ್ರದಲ್ಲಿ ಅದಕ್ಕೆ ಗರಿ ಬಂದು ಬಾಣವಾಗಿದೆ. ಪಕ್ಕದಲ್ಲಿ ಕತ್ತಿಯೇಟಿಗೆ ಬೀಳುತ್ತಿರುವ ಇನ್ನೊಬ್ಬ ಯೋಧನ ಕಣ್ಣಿನ ಬಳಿ, ಕಳಚಿಹೋದ ಹೊಲಿಗೆಯ ಸೂಜಿ ತೂತುಗಳ ಸಾಲಿದೆ. ಹಳೆಯ ಹೊಲಿಗೆ ಯಾವುದು, ರಿಪೇರಿ ಯಾವುದು, ಹ್ಯಾರಲ್ಡ್ ಯಾರು, ಇಬ್ಬರೂ ಅವನೇ? ಇಂಗ್ಲೆಂಡಿನ ಅತ್ಯಂತ ಪ್ರಸಿದ್ಧ ಸಾವಿನ ವಿವರ ಕೆಲವು ಸೂಜಿ ತೂತುಗಳ ಮೇಲೆ ನಿಂತಿದೆ. ತೂತು ಕೂಡ ದಾಖಲೆ ಎಂದು ಹೇಳುವುದು ಇದಕ್ಕೇ.

2020ರಲ್ಲಿ ಫ್ರೆಂಚ್ ಬಟ್ಟೆ ಸಂರಕ್ಷಕರ ತಂಡ ಪಟವನ್ನು ಅಂಗುಲ ಅಂಗುಲವಾಗಿ ಪರೀಕ್ಷಿಸಿತು. 24,204 ಕಲೆಗಳು, 16,445 ಸುಕ್ಕುಗಳು, ಬಟ್ಟೆಯಲ್ಲಿ ಅಥವಾ ಕಸೂತಿಯಲ್ಲಿ 9,646 ಕಡೆ ತೂತು, ಲೋಪ, ಇನ್ನೂ ಭದ್ರಪಡಿಸದ 30 ಹರುಕುಗಳು. ಇದು ಅವರು ಕೊಟ್ಟ ಲೆಕ್ಕ. ವಿರೋಧಿಗಳ ವಾದ ಇಲ್ಲಿಂದ ಹುಟ್ಟುತ್ತದೆ. ಲಾರಿಯ ಕಂಪನಕ್ಕೆ ಸಡಿಲವಾದ ಉಣ್ಣೆ ಎಳೆಗಳು ಉದುರಬಹುದು, ಮಡಿಸಿ ಬಿಚ್ಚುವಾಗ ಹರುಕುಗಳು ದೊಡ್ಡದಾಗಬಹುದು. ಸರ್ಕಾರದ ಕಡೆಯವರ ಉತ್ತರವೂ ತಳ್ಳಿಹಾಕುವಂಥದಲ್ಲ. ಪಟವನ್ನು ಸಾಗಿಸಲೇಬಾರದೆಂದು ಅಧ್ಯಯನಗಳು ಹೇಳಿಲ್ಲ, ಹೇಗೆ ಸಾಗಿಸಬೇಕೆಂದು ಹೇಳಿವೆ ಎನ್ನುತ್ತಾರೆ ಅವರು. ಹೇಗಿದ್ದರೂ ಬಾಯೂ ಮ್ಯೂಸಿಯಂ ಹೊಸ ಕಟ್ಟಡಕ್ಕಾಗಿ 2025ರ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕಿದೆ, 2027ರಲ್ಲಿ ತೆರೆಯಬೇಕು. ಅಲ್ಲಿಯವರೆಗೆ ಪಟ ಗೋಡೆಯಿಂದ ಇಳಿಯಲೇಬೇಕಿತ್ತು, ಇಳಿದಿದೆ. ಹಾನಿಯಾದರೆ ತುಂಬಿಕೊಡಲು ಬ್ರಿಟಿಷ್ ಸರ್ಕಾರ ಸುಮಾರು 80 ಕೋಟಿ ಪೌಂಡ್ ಮೊತ್ತದ ಹೊಣೆ ಹೊರುತ್ತದೆ ಎಂದು ವರದಿಯಾಗಿದೆ.

ಆದರೆ ಗೋಡೆಯಿಂದ ಇಳಿಸಿ ಊರಲ್ಲೇ ಕಾಪಿಡುವುದಕ್ಕೂ ಕಡಲಾಚೆಯ ಊರಿಗೆ ಕಳಿಸಿ, ಹತ್ತು ತಿಂಗಳು ಲಕ್ಷಾಂತರ ಜನಕ್ಕೆ ತೋರಿಸಿ, ಮತ್ತೆ ತರುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಅನಿವಾರ್ಯ, ಎರಡನೆಯದು ಆಯ್ಕೆ. 80 ಕೋಟಿ ಪೌಂಡಿಗೆ ಉದುರಿದ ಎಳೆ ಮರಳಿ ಸಿಗುವುದಿಲ್ಲ. ಎರಡನೆಯ ಎಲಿಜಬೆತ್‌ಳ ಪಟ್ಟಾಭಿಷೇಕದ 1953ರಲ್ಲಿ, ಹೇಸ್ಟಿಂಗ್ಸ್‌ನ ಒಂಬೈನೂರನೆಯ ವರ್ಷವಾದ 1966ರಲ್ಲಿ ಬ್ರಿಟನ್ ಕೇಳಿತ್ತು, ಫ್ರಾನ್ಸ್ ಒಪ್ಪಲಿಲ್ಲ. ಆಗಿನಿಂದ ಈಚೆಗೆ ಬಟ್ಟೆ ಗಟ್ಟಿಯಾಗಿಲ್ಲ. ಬದಲಾದದ್ದು ರಾಜಕೀಯ: ಮ್ಯಾಕ್ರೋನ್ ಮೊದಲು ಈ ಮಾತೆತ್ತಿದ್ದು 2018ರಲ್ಲಿ, ಯುರೋಪಿನ ಒಕ್ಕೂಟದಿಂದ ಬ್ರಿಟನ್ ಹೊರನಡೆಯುತ್ತಿದ್ದಾಗ.

ಇಂಗ್ಲೆಂಡಿನ ಜನರ ಆಸೆಯನ್ನು ಹಗುರವಾಗಿ ಕಾಣುವುದೂ ಸರಿಯಲ್ಲ. ಅವರ ನೆಲದಲ್ಲಿ, ಅವರ ಹೆಂಗಸರ ಕೈಯಲ್ಲಿ ಆಗಿರಬಹುದಾದ ಕೆಲಸ ಒಂಬೈನೂರು ವರ್ಷದಿಂದ ಬೇರೆ ಕಡೆ ಇದೆ. ಆ ಹಂಬಲ ಎಷ್ಟು ಆಳದ್ದು ಎಂಬುದಕ್ಕೆ ರೆಡಿಂಗ್ ಮ್ಯೂಸಿಯಮ್ಮಿನಲ್ಲಿ ಸಾಕ್ಷಿ ಇದೆ. 1885–86ರಲ್ಲಿ ಲೀಕ್ ಎಂಬ ಊರಿನ ಎಲಿಜಬೆತ್ ವಾರ್ಡ್ಲ್ ಎಂಬಾಕೆ 35 ಹೆಂಗಸರನ್ನು ಕೂಡಿಸಿ ಪಟದ ಪೂರ್ತಿ ಅಳತೆಯ ನಕಲನ್ನು ಹೊಲಿಸಿದಳು, ಪ್ರತಿಯೊಬ್ಬಳ ಹೆಸರೂ ಅವಳು ಹೊಲಿದ ಭಾಗದ ಕೆಳಗಿದೆ. ನೂಲಿಗೆ ಬಣ್ಣ ಕಟ್ಟಿದವನು ಅವಳ ಗಂಡ ಥಾಮಸ್ ವಾರ್ಡ್ಲ್. ಭಾರತದ ಟಸ್ಸಾರ್ ರೇಷ್ಮೆ ಮತ್ತು ನಮ್ಮ ಗಿಡಮೂಲದ ಬಣ್ಣಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿದ, ಅದಕ್ಕಾಗಿ ಇಲ್ಲಿಗೂ ಬಂದಿದ್ದ ಅದೇ ವಾರ್ಡ್ಲ್. ಕೆಲಸದ ಮೇಲೆ ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಲಂಡನ್ನಿನ ಟಿಕೆಟ್ಟಿಗೆ ಪರದಾಡುವ ಮೊದಲು ರೆಡಿಂಗ್‌ಗೆ ಹೋಗಿ ಬರಲಿ ಎನ್ನುತ್ತೇನೆ. ಕಥೆಯನ್ನು ಓದಲು, ದೃಶ್ಯದಿಂದ ದೃಶ್ಯಕ್ಕೆ ನಡೆಯುತ್ತ ಹೋಗಲು ಆ ನಕಲು ಸಾಕು. ಅಸಲನ್ನೇ ನೋಡಬೇಕಾಗುವುದು ಸೂಜಿ ತೂತು, ಹಿಂಬದಿಯ ಗಂಟು, ಮಾಸದ ಬಣ್ಣ, ರಿಪೇರಿಯ ನೂಲು ಇವುಗಳಿಗಾಗಿ. ಅವನ್ನು ಗಾಜಿನಾಚೆ ಸರದಿಯಲ್ಲಿ ಸರಿಯುವ ಯಾರೂ ನೋಡಲಾರರು.

ಆದ್ದರಿಂದ ಈ ಎರವಲು ಬೇಡವಿತ್ತು ಎಂಬುದು ನನ್ನ ಅಭಿಪ್ರಾಯ. ಕೊಡುತ್ತೇವೆ ಎಂದು ಮೊದಲು ಘೋಷಿಸಿ, ಕೊಡಬಹುದೇ ಎಂದು ಆಮೇಲೆ ತಜ್ಞರನ್ನು ಕೇಳಿದ ಕ್ರಮವೇ ತಲೆಕೆಳಗು. ಮಾತು ಕೊಟ್ಟಾಗಿದೆ ಎಂದಾದರೆ ಕನಿಷ್ಠ ಒಂದು ಕೆಲಸ ಆಗಬೇಕು. ಪಟ ಬಾಯೂವಿಗೆ ಮರಳಿದ ಮೇಲೆ, ಹೊಸ ಮ್ಯೂಸಿಯಮ್ಮಿನಲ್ಲಿ ಕೂರುವ ಮೊದಲು, 2020ರಲ್ಲಿ ಎಣಿಸಿದ ಹಾಗೆಯೇ, ಅದೇ ವಿಧಾನದಲ್ಲಿ ಮತ್ತೊಮ್ಮೆ ಎಣಿಸಬೇಕು. ಕಲೆ ಎಷ್ಟು, ಸುಕ್ಕು ಎಷ್ಟು, ತೂತು ಎಷ್ಟು, ಹರುಕು ಎಷ್ಟು ಎಂದು ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಎರಡೂ ಸರ್ಕಾರಗಳು ಪ್ರಕಟಿಸಬೇಕು. ಹೊರಡುವ ಮುನ್ನ ಪ್ರತಿ ಅಂಗುಲದ ಮುಂಭಾಗ, ಹಿಂಭಾಗಗಳ ಚಿತ್ರ ತೆಗೆದು, ಯಾರು ಬೇಕಾದರೂ ಹಿಗ್ಗಿಸಿ ನೋಡುವಂತೆ ಇಡಬೇಕು. ಎಣಿಕೆಯಲ್ಲಿ ವ್ಯತ್ಯಾಸ ಕಂಡರೆ ಮುಂದಿನ ಬಾರಿ ಯಾವ ಅಧ್ಯಕ್ಷ, ಯಾವ ಪ್ರಧಾನಿ ಕೇಳಿದರೂ ಇಲ್ಲ ಎನ್ನಲು ಸಂರಕ್ಷಕರ ಕೈಯಲ್ಲಿ ಒಂದು ಲೆಕ್ಕ ಇರುತ್ತದೆ.